ಏರದ ನಾಡಿ

ಅರಿಶಿನದ ಕೊಂಬು ಎರಡಂಗುಲ ಉದ್ದವೂ ಇರಲಿಲ್ಲ. ಅದನ್ನು ಅರಿಶಿನ ಹಚ್ಚಿದ ಹೊಸ ದಾರಕ್ಕೆ ಕಟ್ಟಿ, ಕಾಗದದ ಪೊಟ್ಟಣದಲ್ಲಿ ಮಡಿಸಿ, ಸ್ಕ್ಯಾನ್‌ಗೆ ಬಂದಿದ್ದ ಅಕ್ಕ ತಂಗಿಯರಲ್ಲಿ ತಂಗಿಯಾದವರು ಮನೆಯಿಂದಲೇ ತಂದಿದ್ದರು. ಎಂ.ಆರ್.ಐ. ಕೋಣೆಯೊಳಗೆ ಲೋಹ ಬರುವಂತಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದು ಒಂದೇ ವಾಕ್ಯ. ಅಷ್ಟಕ್ಕೇ ಅವರು ಎಲ್ಲವನ್ನೂ ಯೋಚಿಸಿಕೊಂಡು ಬಂದಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕನ ಕೊರಳಿಗೆ ಮೊದಲು ಅರಿಶಿನದ ದಾರ ಕಟ್ಟಿದರು. ಅದರ ಗಂಟು ಬಿಗಿಯಾದ ಮೇಲೆಯೇ ತಾಳಿಯ ಸರ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡರು.

ಅಕ್ಕನಿಗೆ ಐವತ್ತೆಂಟು ವರ್ಷ. ನೊಣವಿನಕೆರೆ ಕಡೆಯ ತೋಟಗಳಲ್ಲಿ, ಅಟ್ಟದಿಂದ ಇಳಿಸಿದ ಒಣಗಾಯಿಯ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವುದು ಅಕ್ಕ ತಂಗಿ ಇಬ್ಬರ ಕೆಲಸ. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಗಿತ್ತು. ಮೂರು ತಿಂಗಳಿಂದ ಅಟ್ಟದ ಏಣಿ ಹತ್ತುವಾಗ ಎದೆ ಬಿಗಿಯುತ್ತಿತ್ತು, ನಿಂತರೆ ಕಡಿಮೆಯಾಗುತ್ತಿತ್ತು. ಮಂಡಿ ನೋವಿನಿಂದಾಗಿ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಪರೀಕ್ಷೆ ಆಗುವಂತಿರಲಿಲ್ಲ. ರಕ್ತನಾಳದೊಳಗೆ ಕೊಳವೆ ತೂರಿಸಿ ನೋಡುವ ಆಂಜಿಯೋಗ್ರಾಮ್‌ಗೆ ಅವರು ಒಪ್ಪಿರಲಿಲ್ಲ. ಅದಕ್ಕೇ ಹೃದಯದ ವೈದ್ಯರು ಎಂ.ಆರ್.ಐ. ಬರೆದುಕೊಟ್ಟಿದ್ದರು. ಇದರಲ್ಲಿ ಹೃದಯಕ್ಕೆ ರಕ್ತ ಸಾಲದೆಂದು ಕಂಡರೆ ಆಂಜಿಯೋಗ್ರಾಮ್‌ಗೆ ಹೋಗುವುದು, ಕಾಣದಿದ್ದರೆ ಹೋಗದಿರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಷ್ಟು ಭಾರ ಆ ಗುರುವಾರದ ಚಿತ್ರಗಳ ಮೇಲಿತ್ತು.

ತಿಪಟೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಯಂತ್ರ ನಡೆಸುವವಳು ನಾನು. ಚಿತ್ರ ತೆಗೆಯುವುದು ನನ್ನ ಕೆಲಸ, ಓದಿ ವರದಿ ಬರೆಯುವುದು ವೈದ್ಯರದು. ಹೃದಯದ ಸ್ಕ್ಯಾನ್‌ಗೆಂದು ರೇಡಿಯಾಲಜಿ ವೈದ್ಯರು ತುಮಕೂರಿನಿಂದ ಗುರುವಾರ ಮಾತ್ರ ಬರುತ್ತಾರೆ.

ಪರೀಕ್ಷೆಯ ಕ್ರಮ ಹೀಗೆ. ಮಲಗಿದವರ ಒಂದು ಕೈಯ ರಕ್ತನಾಳಕ್ಕೆ ಅಡೆನೊಸಿನ್ ಎಂಬ ಔಷಧವನ್ನು ನಾಲ್ಕು ನಿಮಿಷ ಹರಿಸುತ್ತೇವೆ. ಅದು ಹೃದಯದ ರಕ್ತನಾಳಗಳನ್ನು ಅಗಲಿಸುತ್ತದೆ, ನಾಡಿ ಏರುತ್ತದೆ. ಆಗಲೇ ಇನ್ನೊಂದು ಕೈಯಿಂದ ಕಾಂಟ್ರಾಸ್ಟ್ ದ್ರವ ಬಿಟ್ಟು ಅದು ಹೃದಯದ ಗೋಡೆಯೊಳಗೆ ಹರಡುವುದನ್ನು ಚಿತ್ರ ಹಿಡಿಯುತ್ತೇವೆ. ರಕ್ತ ಚೆನ್ನಾಗಿ ಬಂದ ಕಡೆ ಗೋಡೆ ಬೆಳ್ಳಗಾಗುತ್ತದೆ. ನಾಳ ಕಟ್ಟಿಕೊಂಡಿದ್ದರೆ ಅದರ ಪಾಲಿನ ಗೋಡೆ ಕಪ್ಪಾಗಿಯೇ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಔಷಧವಿಲ್ಲದೆ, ಮತ್ತೊಮ್ಮೆ ಹಾಗೆಯೇ ಮಾಡಿ ಎರಡನ್ನೂ ಹೋಲಿಸುತ್ತಾರೆ. ಕಾಫಿ, ಟೀಯಲ್ಲಿರುವ ಕೆಫೀನ್ ಅಡೆನೊಸಿನ್‌ಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಹಿಂದಿನ ಇಡೀ ದಿನ ಅವುಗಳನ್ನು ಮುಟ್ಟಬಾರದು.

ಕಾಫಿ ಬಿಟ್ಟಿದ್ದಾರೆಯೇ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟವರು ತಂಗಿ.

"ಬುಟ್ಟವ್ಳೆ ಕಣವ್ವ. ಕಾಪಿ ಇಲ್ದೆ ಇವ್ಳು ಮುಖ ಊದಿಸ್ಕೊಂಡು ಹೋದ್ರೆ ಎಮ್ಮೇನೂ ಹಾಲು ಇಳಿಸ್ಲಿಲ್ಲ."

"ನೀನು ನನ್ನೆದುರ್ಗೇ ಕೂತ್ಕಂಡು ಸೊರ್ ಅಂತ ಕುಡುದ್ಯಲ್ಲ, ಅದ್ನೂ ಹೇಳು" ಎಂದರು ಅಕ್ಕ.

ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ತೋರಿಸಿ ಎಂದೆ. ಅಕ್ಕ ಪ್ಲಾಸ್ಟಿಕ್ ಕವರು ಬಿಚ್ಚಿ ಸಕ್ಕರೆಯದು, ರಕ್ತದೊತ್ತಡದ್ದು, ಹೃದಯದ ವೈದ್ಯರು ಹೊಸದಾಗಿ ಕೊಟ್ಟ ಎರಡು, ಹೀಗೆ ಸಾಲಾಗಿ ಇಟ್ಟರು. ಬೇರೆ ಯಾವುದಾದರೂ ಇದೆಯೇ ಎಂದು ಕೇಳಿದೆ. ಡಾಕ್ಟ್ರು ಕೊಟ್ಟಿದ್ದು ಇಷ್ಟೇ ಎಂದರು. ನಾನು ನಮೂನೆಯಲ್ಲಿ ಗುರುತು ಹಾಕಿದೆ.

ಅಂದು ಶುರುವಿನಿಂದಲೂ ತೊಡಕು. ಎದೆಬಡಿತಕ್ಕೆ ಸರಿಯಾಗಿ ಚಿತ್ರ ಹಿಡಿಯಬೇಕಾದರೆ ಇ.ಸಿ.ಜಿ. ಸಂಕೇತ ಸ್ಪಷ್ಟವಾಗಿರಬೇಕು. ಅಕ್ಕನನ್ನು ಒಳಗೆ ತಳ್ಳಿದ ಕೂಡಲೇ ಅದು ಕೆಡುತ್ತಿತ್ತು. ಮೂರು ಸಲ ಹೊರಗೆಳೆದು, ಎದೆಯ ಚರ್ಮ ಒರೆಸಿ, ಅಂಟುಪಟ್ಟಿಗಳನ್ನು ಬೇರೆ ಜಾಗಕ್ಕೆ ಹಚ್ಚಿದೆವು. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ವೈದ್ಯರು ಸಂಜೆಯ ರೈಲು ಹಿಡಿಯಬೇಕಿತ್ತು.

ನಾಲ್ಕನೆಯ ಸಲ ಸಂಕೇತ ಸ್ಥಿರವಾಗಿ ನಿಂತಿತು. ಉಸಿರು ಹೊರಗೆ ಬಿಟ್ಟು ಹಾಗೇ ನಿಲ್ಲಿಸಿ ಎಂದಾಗಲೆಲ್ಲ ಅಕ್ಕ ಕಲ್ಲಿನಂತೆ ನಿಲ್ಲಿಸುತ್ತಿದ್ದರು. ಒಳಗೆ ಅವರ ಪಕ್ಕದಲ್ಲಿ ನರ್ಸ್ ನಿಂತಿದ್ದರು. ಗಾಜಿನ ಈಚೆ ವೈದ್ಯರು ಚಿತ್ರದ ಪರದೆಯ ಮುಂದೆ, ನಾನು ಯಂತ್ರ ಮತ್ತು ನಾಡಿಯ ಪರದೆಯ ಮುಂದೆ. ಅಡೆನೊಸಿನ್ ಶುರುವಾದಾಗ ನಾಡಿ ಎಪ್ಪತ್ತೆರಡು. ಮೂರು ನಿಮಿಷ ದಾಟಿದಾಗ ಎಪ್ಪತ್ತನಾಲ್ಕು. ರಕ್ತದೊತ್ತಡವೂ ಇಳಿಯಲಿಲ್ಲ. ಸಾಮಾನ್ಯವಾಗಿ ಈ ಹೊತ್ತಿಗೆ ಮುಖ ಬಿಸಿಯಾಗುತ್ತದೆ, ಎದೆ ಭಾರವೆನಿಸುತ್ತದೆ, ಕೆಲವರು ಹೆದರಿ, ನಮ್ಮನ್ನು ಕರೆಯಲೆಂದು ಕೈಗೆ ಕೊಟ್ಟಿರುವ ಗಂಟೆಯ ರಬ್ಬರ್ ಬಲ್ಬು ಒತ್ತುತ್ತಾರೆ. ಹೇಗಿದೆ ಎಂದು ಮೈಕಿನಲ್ಲಿ ಕೇಳಿದೆ. ಏನೂ ಇಲ್ಲ, ತಣ್ಣಗಿದೆ ಎಂದರು.

ಏನೂ ತೊಂದರೆ ಇಲ್ಲವಲ್ಲ ಎಂದು ವೈದ್ಯರು ನನ್ನತ್ತ ತಿರುಗದೆ ಕೇಳಿದರು. ಇಲ್ಲ ಸರ್ ಎಂದೆ. ಹಾಳೆಯಲ್ಲಿ ಎಪ್ಪತ್ತನಾಲ್ಕು ಎಂದು ಬರೆದೆ. ಅಂಕೆ ಏರಿಲ್ಲ ಎನ್ನುವುದು ನನ್ನ ಮನಸ್ಸಿಗೆ ಬಂತು. ಬಂದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸ್ಕ್ಯಾನ್ ನಿಲ್ಲಿಸಿ ಯೋಚಿಸಬೇಕಾಗುತ್ತಿತ್ತು. ಅಷ್ಟು ಕಷ್ಟಪಟ್ಟು ಹಿಡಿದ ಸಂಕೇತ ಆಗಷ್ಟೇ ಅಲುಗದೆ ನಿಂತಿತ್ತು. ನಾಡಿ ಏರುಪೇರಾಗದ ಕಾರಣ ಚಿತ್ರಗಳು ನಾನು ಅದುವರೆಗೆ ತೆಗೆದವುಗಳಲ್ಲೆಲ್ಲ ಸ್ವಚ್ಛವಾಗಿ ಬರುತ್ತಿದ್ದವು. ಅದನ್ನು ನೋಡಿ ನನಗೆ ಸಂತೋಷವಾಗಿತ್ತು.

ಹೃದಯದ ಗೋಡೆ ಸುತ್ತಲೂ ಒಂದೇ ಸಮ ಬೆಳ್ಳಗಾಯಿತು. ಕೊನೆಯಲ್ಲಿ ಗಾಯದ ಕಲೆ ಹುಡುಕುವ ಚಿತ್ರಗಳಲ್ಲೂ ಏನೂ ಇರಲಿಲ್ಲ. ರಕ್ತದ ಕೊರತೆ ಕಂಡುಬಂದಿಲ್ಲ ಎಂದು ವೈದ್ಯರು ಬರೆದು ಸಹಿ ಮಾಡಿ ರೈಲಿಗೆ ಹೊರಟರು. ಫಲಿತಾಂಶದ ಬಗ್ಗೆ ನಾನು ಯಾರಿಗೂ ಏನೂ ಹೇಳುವವಳಲ್ಲ. ಅಂದು ಲಕೋಟೆ ಕೈಗೆ ಕೊಡುವಾಗ ಅಕ್ಕ ನನ್ನ ಮುಂಗೈ ಹಿಡಿದು, "ಚೆನ್ನಾಗೈತಾ ಮಗ?" ಎಂದು ಕೇಳಿದರು. ನಾನು ತಲೆಯಾಡಿಸಿದೆ.

ಶುಕ್ರವಾರ ಬೆಳಗ್ಗೆ ಹಿಂದಿನ ದಿನದ ಚಿತ್ರಗಳನ್ನು ಸಂಗ್ರಹಕ್ಕೆ ಸೇರಿಸುತ್ತಿದ್ದೆ. ಹೃದಯವನ್ನು ಅಡ್ಡ ಕೊಯ್ದಂತೆ ತೋರಿಸುವ ಚಿತ್ರದಲ್ಲಿ, ಪರದೆಯ ಬಲಮೂಲೆಗೆ, ಎಡ ಪಕ್ಕೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್ ಕೂಡ ಒಂದಿಷ್ಟು ಕಾಣುತ್ತದೆ. ಹೃದಯ ನೋಡುವವರು ಅದನ್ನು ನೋಡುವುದಿಲ್ಲ. ಅಡೆನೊಸಿನ್ ಕೆಲಸ ಮಾಡಿದಾಗ ಗುಲ್ಮದ ರಕ್ತನಾಳ ಕುಗ್ಗಿ ಅದು ಕಪ್ಪಾಗಬೇಕು, ಔಷಧವಿಲ್ಲದ ಎರಡನೆಯ ಸಲ ಬೆಳ್ಳಗಾಗಬೇಕು. ಓದುವಾಗ ಕಲಿತದ್ದು, ಮರೆತಿರಲಿಲ್ಲ. ಅಕ್ಕನ ಗುಲ್ಮ ಎರಡು ಸಲವೂ ಒಂದೇ ಬೆಳಕಿನಲ್ಲಿತ್ತು. ಅದೇ ದಿನದ ಇನ್ನೊಬ್ಬ ರೋಗಿಯ ಚಿತ್ರಗಳನ್ನು ತೆಗೆದು ಪಕ್ಕಕ್ಕಿಟ್ಟೆ. ಅವರ ಗುಲ್ಮ ಮೊದಲ ಸಲ ಕಪ್ಪು, ಎರಡನೆಯ ಸಲ ಬಿಳಿ. ಅಕ್ಕನ ಹಾಳೆ ತೆಗೆದೆ. ನನ್ನದೇ ಕೈಬರಹದಲ್ಲಿ ಎಪ್ಪತ್ತೆರಡು, ಎಪ್ಪತ್ತನಾಲ್ಕು.

ಔಷಧ ಅವರ ಹೃದಯವನ್ನು ಮುಟ್ಟಿಯೇ ಇರಲಿಲ್ಲ. ನಾವು ತೆಗೆದದ್ದು ಎರಡು ಸಲವೂ ವಿಶ್ರಾಂತಿಯಲ್ಲಿದ್ದ ಹೃದಯದ ಚಿತ್ರ. ಏಣಿ ಹತ್ತುವ ಹೃದಯ ಹೇಗಿರುತ್ತದೆಂದು ಆ ವರದಿಗೆ ಗೊತ್ತಿರಲಿಲ್ಲ.

ವೈದ್ಯರಿಗೆ ಫೋನ್ ಮಾಡಿದೆ. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ನಾಡಿ ತಗ್ಗಿಸುವ ಮಾತ್ರೆ ನುಂಗುವವರಲ್ಲಿ, ಅಂಕೆ ಏರದಿರುವುದು ಉಂಟು ಎಂದರು. ಅದು ನಿಜ. ಗುಲ್ಮದ ಮಾತು ಹೇಳಿದಾಗ, ಊರಲ್ಲಿಲ್ಲ, ಸೋಮವಾರ ನೋಡುತ್ತೇನೆ ಎಂದರು. ಸಹಿಯಾದ ವರದಿಯ ಮೇಲೆ ನಾನೇ ಮನೆಯವರಿಗೆ ಏನಾದರೂ ಹೇಳುವುದು ನಿಯಮದಲ್ಲಿಲ್ಲ. ಶನಿವಾರ, ಭಾನುವಾರ ನಾನು ಆ ನಿಯಮವನ್ನು ಪಾಲಿಸಿದೆ.

ಸೋಮವಾರ ಹನ್ನೊಂದಕ್ಕೆ ವೈದ್ಯರೇ ಫೋನ್ ಮಾಡಿದರು. ನೀವು ಹೇಳಿದ್ದು ಸರಿ, ಈ ಸ್ಕ್ಯಾನ್‌ನಿಂದ ಏನೂ ಹೇಳುವಂತಿಲ್ಲ, ಗುರುವಾರ ಮತ್ತೆ ಕರೆಸಿ, ಕೆಫೀನ್ ಎಲ್ಲಿಂದ ಹೋಯಿತು ಕೇಳಿ ಎಂದರು. ನಮೂನೆಯಲ್ಲಿದ್ದ ತಂಗಿಯ ನಂಬರು ಸ್ವಿಚ್ ಆಫ್. ನಾಳೆ ಮತ್ತೆ ಮಾಡಿದರಾಯಿತು ಎಂದರು ಕೌಂಟರಿನಲ್ಲಿರುವವರು. ನಾನು ಅರ್ಧ ದಿನ ರಜೆ ಬರೆದು ನೊಣವಿನಕೆರೆ ಬಸ್ಸು ಹತ್ತಿದೆ. ರೋಗಿಗಳನ್ನು ಹುಡುಕಿಕೊಂಡು ಹೋದದ್ದು ಅದೇ ಮೊದಲು.

ಅವರಿದ್ದದ್ದು ಊರಾಚೆಯ ತೋಟದ ಶೆಡ್ಡಿನಲ್ಲಿ. ಆರು ಹೆಂಗಸರು ಸುತ್ತ ಕೂತು ಮಚ್ಚಿನ ಬೆನ್ನಿನಿಂದ ಕರಟಕ್ಕೆ ಹೊಡೆದು, ಒಳಗಿನ ಉಂಡೆಗೆ ಪೆಟ್ಟಾಗದಂತೆ ಬಿಡಿಸುತ್ತಿದ್ದರು. ಅಕ್ಕ ಮಾತ್ರ ಅವರ ನಡುವೆ ಇರಲಿಲ್ಲ. ಅಟ್ಟದ ಮೇಲಿಂದ ಕಾಯಿ ತಳ್ಳುತ್ತಿದ್ದರು. ನನ್ನನ್ನು ಕಂಡು ಏಣಿ ಇಳಿದು ಬಂದರು. ಕೊನೆಯ ಮೆಟ್ಟಿಲಿನಲ್ಲಿ ಎರಡು ಸಲ ಉಸಿರು ಎಳೆದುಕೊಂಡು, ಚೆನ್ನಾಗೈತೆ ಅಂದ ಮೇಲೆ ಧೈರ್ಯ ಬಂತು ಕಣವ್ವ ಎಂದರು. ಎದೆಯ ಮಾತ್ರೆಗಳನ್ನೂ ನಿಲ್ಲಿಸಿದ್ದರು.

ಸ್ಕ್ಯಾನ್‌ಗೆ ಹಿಂದಿನ ದಿನ ಏನೇನು ತಿಂದಿರಿ, ಕುಡಿದಿರಿ ಎಂದು ಬೆಳಗಿನಿಂದ ಒಂದೊಂದಾಗಿ ಕೇಳಿದೆ. ರಾಗಿಮುದ್ದೆ, ಸಾರು, ಮಜ್ಜಿಗೆ. ಕಾಫಿ ಇಲ್ಲ, ಟೀ ಇಲ್ಲ. ಕೆಲಸಕ್ಕೆ ಬಂದಿದ್ದರೇ ಎಂದು ಕೇಳಿದೆ. ಬಂದಿದ್ದೆ, ಆದರೆ ಕಾಫಿ ಇಲ್ಲದೆ ತಲೆ ಸಿಡಿಯುತ್ತಿತ್ತು ಎಂದರು.

"ಮತ್ತೆ ಏನು ಮಾಡಿದಿರಿ ಅಮ್ಮ?"

"ಏನ್ ಮಾಡೋದು, ಗುಳಿಗೆ ನುಂಗ್ದೆ."

ಎಲೆ ಅಡಿಕೆ ಚೀಲದಿಂದ ಪಟ್ಟಿಯೊಂದನ್ನು ತೆಗೆದು ಕೊಟ್ಟರು. ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಬೆಂಕಿಪೊಟ್ಟಣದ ಪಕ್ಕ ಸಿಗುವ ತಲೆನೋವಿನ ಮಾತ್ರೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆ. ಎರಡನೆಯ ಸಾಲಿನಲ್ಲೇ ಕೆಫೀನ್ ಎಂದಿತ್ತು. ರಾತ್ರಿ ಎರಡು, ಬೆಳಗ್ಗೆ ಹೊರಡುವ ಮುಂಚೆ ಎರಡು ನುಂಗಿದ್ದರಂತೆ. ಅಲ್ಲಿದ್ದ ಆರು ಜನರಲ್ಲಿ ನಾಲ್ವರ ಚೀಲದಲ್ಲಿ ಅದೇ ಪಟ್ಟಿ ಇತ್ತು.

ಬೇರೆ ಮಾತ್ರೆ ಇಲ್ಲ ಎಂದಿರಲ್ಲ ಎಂದೆ.

"ಇದು ಅಂಗಡೀದು ಕಣವ್ವ. ಇದ್ನ ಯಾರು ಗುಳಿಗೆ ಅಂತ ಲೆಕ್ಕಕ್ಕಿಟ್ಟವ್ರೆ? ನೀನು ಕಾಪಿ ಕುಡೀಬ್ಯಾಡ ಅಂದಿದ್ದೆ. ಆ ಮಾತ ಉಳಿಸ್ಕಳಕ್ಕೇ ನುಂಗಿದ್ದು."

ನನ್ನ ಮಾತನ್ನು ಪಾಲಿಸಲು ಹೋಗಿ ಅವರು ತಪ್ಪಿದ್ದರು. ಸುಮ್ಮನೆ ಒಂದು ಲೋಟ ಕಾಫಿ ಕುಡಿದು ಬಂದಿದ್ದರೆ ಹೇಳಿಬಿಡುತ್ತಿದ್ದರು, ನಾವು ದಿನ ಬದಲಿಸುತ್ತಿದ್ದೆವು.

ಈ ಮಾತ್ರೆಯಿಂದ ಪರೀಕ್ಷೆ ಕೆಟ್ಟಿದೆ, ವರದಿಯನ್ನು ನಂಬುವಂತಿಲ್ಲ, ಗುರುವಾರ ಮತ್ತೆ ಬನ್ನಿ, ಅಲ್ಲಿಯವರೆಗೆ ಏಣಿ ಹತ್ತಬೇಡಿ, ನಿಲ್ಲಿಸಿದ ಮಾತ್ರೆಗಳನ್ನು ಇವತ್ತಿನಿಂದಲೇ ಶುರುಮಾಡಿ ಎಂದೆ. ಮಚ್ಚಿನ ಸದ್ದು ನಿಂತಿತ್ತು. ತಂಗಿ ಎದ್ದು ಬಂದರು.

"ಒಂದ್ಸಲ ಚೆನ್ನಾಗೈತೆ ಅಂತೀರ, ಇನ್ನೊಂದ್ಸಲ ಗೊತ್ತಿಲ್ಲ ಅಂತೀರ. ನಾವು ಯಾವ್ದ ನಂಬಣ?"

"ಬುಡೇ, ನಾನೇ ಗುಳಿಗೆ ನುಂಗಿ ಕೆಡಿಸಿದ್ದಲ್ವಾ. ಅವ್ಳೇನ್ ಮಾಡ್ತಾಳೆ" ಎಂದು ಅಕ್ಕ ನನ್ನ ಪರವಾಗಿ ಮಾತಾಡಿದರು. ನಾನು ಅದನ್ನು ತಿದ್ದಲಿಲ್ಲ. ಮಾತ್ರೆಯಿಂದ ಕೆಟ್ಟಿತು ಎಂದದ್ದು ಸುಳ್ಳಲ್ಲ. ಆದರೆ ಕೆಟ್ಟದ್ದು ಅಂದೇ, ಅಲ್ಲೇ, ನನ್ನ ಕಣ್ಣೆದುರಿಗೆ ಬಂದಿತ್ತು ಎನ್ನುವುದನ್ನು ನಾನು ಸೇರಿಸಲಿಲ್ಲ.

ಗುರುವಾರ ಬೆಳಗ್ಗೆ ಎಂಟಕ್ಕೆ ತಂಗಿಯ ಫೋನ್ ಬಂತು. ಬರುವುದಿಲ್ಲ ಎಂದರು. ಬುಧವಾರ ಮಧ್ಯಾಹ್ನ ಊಟ ಮುಗಿಸಿ ಕೂತಲ್ಲೇ ಅಕ್ಕನಿಗೆ ಎದೆನೋವು ಬಂದಿತ್ತು. ಏಣಿ ಹತ್ತಿರಲಿಲ್ಲ, ಮಾತ್ರೆಗಳನ್ನೂ ನುಂಗಿದ್ದರು. ತಿಪಟೂರಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಸಾಗಿಸಿದ್ದರು. ಅಂದು ಅಕ್ಕನಿಗಾಗಿ ಇಟ್ಟಿದ್ದ ಹನ್ನೊಂದು ಗಂಟೆಯ ಸಮಯಕ್ಕೆ ಯಾರನ್ನೂ ಕರೆಯಲಿಲ್ಲ. ವೈದ್ಯರು ಹಳೆಯ ವರದಿಗೆ ತಿದ್ದುಪಡಿ ಬರೆದು ಸಹಿ ಹಾಕಿದರು. ತಿದ್ದಿದ ವರದಿ ಹಾಸನಕ್ಕೆ ಹೋಯಿತು. ಅವರೂ ನಾನೂ ಆ ದಿನ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆವು.

ಒಂಬತ್ತು ವಾರದ ನಂತರ ಅಕ್ಕ ಮತ್ತೆ ನಮ್ಮಲ್ಲಿಗೆ ಬಂದರು. ಹಾಸನದಲ್ಲಿ ಮಾಡಿದ ಆಂಜಿಯೋಗ್ರಾಮ್‌ನಲ್ಲಿ ಮೂರು ನಾಳಗಳು ಕಟ್ಟಿಕೊಂಡಿರುವುದು ಕಂಡಿತ್ತು. ಮೈಸೂರಿನ ಶಸ್ತ್ರಚಿಕಿತ್ಸಕರು ಬೈಪಾಸ್ ಮಾಡುವ ಮುಂಚೆ ಹೃದಯದ ಗೋಡೆಯಲ್ಲಿ ಎಷ್ಟು ಭಾಗ ಜೀವಂತವಿದೆ ಎಂದು ಕೇಳಿದ್ದರು. ಅದಕ್ಕೆ ಅಡೆನೊಸಿನ್ ಬೇಡ. ಕಾಂಟ್ರಾಸ್ಟ್ ಕೊಟ್ಟು ಹತ್ತು ನಿಮಿಷ ಕಾದು ಚಿತ್ರ ತೆಗೆದರೆ ಸತ್ತ ಸ್ನಾಯು ಬೆಳ್ಳಗೆ ಕಾಣುತ್ತದೆ, ಬದುಕಿರುವುದು ಕಪ್ಪಾಗಿರುತ್ತದೆ. ಮೊದಲ ಪರೀಕ್ಷೆಗೆ ತದ್ವಿರುದ್ಧ.

ಅಕ್ಕ ತೂಕ ಇಳಿದಿದ್ದರು. ಮಲಗಿಸುವಾಗ ನನ್ನನ್ನು ಗುರುತು ಹಿಡಿದು ನಕ್ಕರು, ಉಸಿರು ಮಾತ್ರ ಮೊದಲಿನಷ್ಟು ಹೊತ್ತು ನಿಲ್ಲಿಸಲಾರದೆ ಹೋದರು. ಹೃದಯದ ಮುಂಭಾಗದ ಗೋಡೆಯ ಒಳಪದರದಲ್ಲಿ ಉಗುರು ಗೀರಿದಂತೆ ಬಿಳಿಯ ಗೆರೆಯೊಂದು ಮೂಡಿತು. ಮೊದಲ ಸಲ ಕೊನೆಯಲ್ಲಿ ಕಲೆ ಹುಡುಕಲು ತೆಗೆದಿದ್ದ ಚಿತ್ರವನ್ನು ಪಕ್ಕದ ಪರದೆಗೆ ತಂದೆ. ಅದೇ ಜಾಗ, ಅದೇ ಕೋನ, ಪೂರ್ತಿ ಕಪ್ಪು. ಎರಡರ ನಡುವಿನ ವ್ಯತ್ಯಾಸ ಆರು ದಿನಗಳಲ್ಲಿ ಆದದ್ದು. ಆ ಆರರಲ್ಲಿ ಎರಡು ದಿನ ನಾನು ನಿಯಮ ಪಾಲಿಸಿದ್ದೆ.

ಕಲೆ ಗೋಡೆಯ ಅರ್ಧ ದಪ್ಪವನ್ನೂ ಮುಟ್ಟಿಲ್ಲ, ಸ್ನಾಯು ಬಹುಮಟ್ಟಿಗೆ ಬದುಕಿದೆ, ಬೈಪಾಸ್ ಮಾಡಿದರೆ ಪ್ರಯೋಜನವಿದೆ ಎಂದು ವೈದ್ಯರು ಇಬ್ಬರನ್ನೂ ಕೂರಿಸಿ ನಿಧಾನವಾಗಿ ವಿವರಿಸಿದರು. ಅಕ್ಕ ಎಲ್ಲವನ್ನೂ ಕೇಳಿ, ಬೇಡ ಎಂದರು.

ನಾನು ಅವರ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ. ತಂಗಿ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದರು. ಆಸ್ಪತ್ರೆಯಿಂದ ಬಂದಾಗಿನಿಂದ ಇದೇ ಮಾತಂತೆ. ಮೊದಲು ಪೆಟ್ಟಿಗೆ ಅಂಗಡಿಯವನನ್ನು ಬೈಯುವುದು, ಆಮೇಲೆ ತನ್ನನ್ನೇ ಬೈದುಕೊಳ್ಳುವುದು.

"ನನ್ ಕೈಯಾರೆ ಮಾಡ್ಕಂಡಿದ್ದು" ಎಂದರು ಅಕ್ಕ. "ಇಂಥೋರು ಅಷ್ಟು ದೊಡ್ಡ ಮಿಷಿನ್ನಲ್ಲಿ ನೋಡ್ದಾಗ ನಾನು ಕೆಡಿಸ್ದೆ. ಇನ್ನು ಎದೆ ಸೀಳಿ ಇನ್ನಷ್ಟು ಜನಕ್ಕೆ ಯಾಕೆ ತೊಂದ್ರೆ ಕೊಡ್ಲಿ. ಬಂದಷ್ಟು ದಿನ ಬರ್ಲಿ."

ಹತ್ತಿ ಒತ್ತುವುದಕ್ಕೆ ಎರಡು ನಿಮಿಷ ಸಾಕು. ನಾನು ಅದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದಿದ್ದೆ ಎಂದು ಆಮೇಲೆ ಅನ್ನಿಸಿತು. ಪಟ್ಟಿ ಹಚ್ಚಿದೆ. ಅವರು ಹೋದರು.

ಮರುದಿನ ಬೆಳಗ್ಗೆ ಆರೂವರೆಯ ಬಸ್ಸಿಗೆ ನೊಣವಿನಕೆರೆಗೆ ಹೋದೆ. ಮನೆ ಕೇಳಿಕೊಂಡು ಹೋದಾಗ ತಂಗಿ ಕೆಲಸಕ್ಕೆ ಹೊರಡುತ್ತಿದ್ದರು. ಅಕ್ಕ ಜಗಲಿಯ ಮೇಲೆ ಶಾಲು ಹೊದ್ದು ಕೂತಿದ್ದರು. ಕೂತುಕೋ ಎಂದರು. ನಿಂತೇ ಹೇಳಿದೆ. ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ, ಅವು ಯಾವುವೂ ಆ ಕ್ರಮದಲ್ಲಿ ಬರಲಿಲ್ಲ.

ಔಷಧ ಕೆಲಸ ಮಾಡಿದರೆ ನಾಡಿ ಏರಬೇಕು. ಅಂದು ಏರಲಿಲ್ಲ. ಅದನ್ನು ನೋಡಲೆಂದೇ ನನ್ನನ್ನು ಅಲ್ಲಿ ಕೂರಿಸಿರುತ್ತಾರೆ. ನೋಡಿದೆ, ಬರೆದೆ, ಪಕ್ಕದಲ್ಲೇ ಇದ್ದ ಡಾಕ್ಟರಿಗೆ ಹೇಳಲಿಲ್ಲ. ಹೇಳಿದ್ದರೆ ಅಂದೇ ನಿಲ್ಲಿಸುತ್ತಿದ್ದರು, ನಿಮ್ಮನ್ನು ಕೇಳುತ್ತಿದ್ದರು, ಗುಳಿಗೆಯ ವಿಷಯ ಅಂದೇ ಗೊತ್ತಾಗುತ್ತಿತ್ತು. ವರದಿ ಬರುತ್ತಿರಲಿಲ್ಲ. ನೀವು ಏಣಿ ಹತ್ತುತ್ತಿರಲಿಲ್ಲ, ಮಾತ್ರೆ ಬಿಡುತ್ತಿರಲಿಲ್ಲ. ಮತ್ತೆ, ಚೆನ್ನಾಗಿದೆ ಎಂದು ತಲೆಯಾಡಿಸಿದವಳೂ ನಾನೇ.

ತಂಗಿ ಕೈಯಲ್ಲಿದ್ದ ಬುತ್ತಿಯನ್ನು ಜಗಲಿಯ ಮೇಲಿಟ್ಟರು.

"ಅಂಗಾರೆ ಗುಳಿಗೆ ತಪ್ಪಲ್ವಾ?" ಎಂದರು ಅಕ್ಕ.

"ನೀವು ನುಂಗಿದ್ದು ಗೊತ್ತಿಲ್ಲದೆ ಅಮ್ಮ. ನಾನು ಸುಮ್ಮನಿದ್ದದ್ದು ಗೊತ್ತಿದ್ದು."

ಅವರು ನನ್ನನ್ನು ಬಹಳ ಹೊತ್ತು ನೋಡುತ್ತಾ ಕೂತರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ತಂಗಿ ಏನೋ ಹೇಳಲು ಹೊರಟಾಗ ಕೈ ಅಡ್ಡ ಹಿಡಿದು ತಡೆದರು.

"ಒಂಬತ್ತು ವಾರ ನನ್ನೇ ನಾನು ಬೈಕಂಡಿದ್ದೀನಿ ಮಗ. ನೆನ್ನೇನೂ ನೀನು ಕೇಳ್ಸ್ಕಂಡು ನಿಂತಿದ್ದೆ."

ಹೌದು ಎಂದೆ.

ಅಕ್ಕ ಶಾಲು ಸರಿಮಾಡಿಕೊಂಡು ತಂಗಿಯತ್ತ ತಿರುಗಿ, ಮೈಸೂರಿನವರು ಆಪರೇಷನ್‌ಗೆ ಯಾವ ದಿನ ಬರಲು ಹೇಳಿದ್ದು ಎಂದು ಕೇಳಿದರು. ಮಂಗಳವಾರ ಎಂದರು ತಂಗಿ. ಆ ಕಾಗದ ಎಲ್ಲಿ ಇಟ್ಟಿದ್ದೀಯ, ತೆಗೆದುಕೊಂಡು ಬಾ ಎಂದರು ಅಕ್ಕ.

ತಂಗಿ ಒಳಗೆ ಹೋದರು. ನನ್ನ ಕಡೆ ಮತ್ತೆ ಯಾರೂ ನೋಡಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದು, ಎಂಟೂ ಹತ್ತರ ಬಸ್ಸಿಗೆ ಕೆಲಸಕ್ಕೆ ಹೋದೆ.